ಸಂಡಿಗೆ ಕಾಯ್ದ ಲೇಸು ಪರದೆ

ಹೊಸ ಸೊಸೆ ವಾರಿಜ ಮೊದಲ ಸಲ ಮಾಳಿಗೆಯ ಮೇಲೆ ಸಂಡಿಗೆ ಇಟ್ಟಳು. ಕಾಗೆ ಆಗಲೇ ಸುತ್ತುತ್ತಿತ್ತು. ಕಿಟಕಿಯಿಂದ ಇಳಿಸಿದ್ದ, ಜಾಲರಿ ಹೆಣಿಗೆಯ ಹಳೆಯ ಲೇಸು ಪರದೆ ಅಲ್ಲೇ ಒಣಗಲು ನೇತಾಡುತ್ತಿತ್ತು.

"ನಾನು ಕಾಯುತ್ತೇನೆ, ನಾನು!" ಎಂದು ಅದು ಹಗ್ಗದ ಮೇಲೆ ಕುಣಿಯಿತು.

"ಮೈಯೆಲ್ಲ ತೂತು, ನೀನೇನು ಕಾಯುತ್ತೀ!" ಎಂದು ಪಕ್ಕದಲ್ಲಿದ್ದ ಕಂಬಳಿ ಗದರಿತು. ವಾರಿಜಳೂ ಸುತ್ತ ಮಣೆ ನಿಲ್ಲಿಸಿ ಕಂಬಳಿಯನ್ನೇ ಹೊದಿಸಿದಳು.

ಮಧ್ಯಾಹ್ನಕ್ಕೆ ಒಳಗಿಂದ ಸಂಡಿಗೆಗಳು ಕೂಗಿದವು: "ತಾಯೀ, ಬೆವರುತ್ತಿದ್ದೇವೆ, ಹಳಸಿಹೋಗುತ್ತೇವೆ!"

ವಾರಿಜ ಗಾಬರಿಯಿಂದ ಕಂಬಳಿ ಎಳೆದು, ಲೇಸನ್ನು ಬಿಗಿಯಾಗಿ ಹರಡಿದಳು. ಕಾಗೆ ಹಾರಿಬಂದು ನಕ್ಕಿತು: "ನಿನಗೆ ಸಾವಿರ ಬಾಗಿಲು. ನನಗೊಂದು ತೆರೆದುಕೊಡು."

ಲೇಸು ಹಿಗ್ಗಿ ಹೇಳಿತು: "ಎಲ್ಲವೂ ತೆರೆದೇ ಇವೆ, ಅಣ್ಣಾ! ಬಿಸಿಲು ಒಳಗೆ ಹೋಯಿತು, ಗಾಳಿ ಒಳಗೆ ಹೋಯಿತು. ನಿನ್ನ ಮೈ ಹಿಡಿಸಿದರೆ ನೀನೂ ಹೋಗು!"