ಬಾಯಲ್ಲಿ ತೋಡಿದ ಬಾವಿ

ಇದು ನಡೆದದ್ದೇ. ಕತೆ ಕಟ್ಟೋಕೆ ನಂಗೆ ಬರಲ್ಲ, ಬಾವಿ ಕಟ್ಟೋಕೆ ಬತ್ತದೆ. ಒಂದು ಮಾತು ಸುಳ್ಳಿದ್ರೆ, ಗಂಗಮ್ಮನಾಣೆ, ನಾನು ತೋಡಿದ ಬಾವಿಗಳೆಲ್ಲ ಒಂದೇ ದಿನ ಬತ್ತಿಹೋಗ್ಲಿ. ಬತ್ತಲ್ಲ. ಯಾಕಂದ್ರೆ ಸುಳ್ಳಿಲ್ಲ.

ನನ್ನ ಹತ್ರ ಕೆಲಸ ಕಲಿಯೋಕೆ ಕದರಪ್ಪ ಅಂತ ಒಬ್ಬ ಸೇರ್ಕೊಂಡವ್ನೆ. ಬೇರೆ ಊರೋನು, ನಮ್ಮ ಕೇರಿ ಇನ್ನೂ ನೋಡಿಲ್ಲ. ಆಳು ಗಟ್ಟಿ. ಮದುವೆ ಗೊತ್ತಾಗೈತೆ. ಮೊನ್ನೆ ಕೆಲಸ ಬಿಟ್ಟ ಮೇಲೆ ಬಂದು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕುಂತ. ಬೀಡಿ ಕೊಟ್ಟೆ, ಬ್ಯಾಡ ಅಂದ. ಬೀಡಿ ಬ್ಯಾಡ ಅನ್ನೋನ ತಲೇಲಿ ಏನೋ ಹೊಕ್ಕೈತೆ ಅಂತಲೇ ಲೆಕ್ಕ.

"ಗುರುವೇ, ನಾಳೆ ಜನಗಣತಿಯೋರು ನಮ್ಮನೆಗೆ ಬತ್ತಾರೆ. ಬರ್ಕೊಳ್ಳೋ ಮೇಷ್ಟ್ರು ಹೆಣ್ಣಿನ ಊರಿನೋರೇ. ಮನೇಲಿ ಕಕ್ಕಸು ಐತಾ ಅಂತ ಕೇಳ್ತಾರಂತೆ. ನಮ್ಮನೇಲಿಲ್ಲ. ಇಲ್ಲ ಅಂದ್ರೆ ಆ ಮಾತು ನಮಗಿಂತ ಮುಂಚೆ ಬೀಗರ ಮನೆ ಮುಟ್ಟತದೆ. ಇರೋದ್ನ ಹೇಳ್ಲಾ, ಇರಬೇಕಾದ್ದು ಹೇಳ್ಲಾ?"

"ಲೋ ಕದರಾ, ಈ ಪ್ರಶ್ನೆಗೇ ನನ್ನ ಮನೆ ಗೋಡೆ ಬಿದ್ದಿದ್ದು. ಕೇಳು" ಅಂದೆ. ಹೇಳಿದ್ದು ಇದು.

ನಮ್ಮ ಕೇರಿ ಪೂರಾ ಬಾವಿ ತೋಡೋರದು. ಸುತ್ತಲ ಮೂರು ತಾಲೂಕಲ್ಲಿ ಯಾವ ಬಾವಿಗೆ ಬೇಕಾದ್ರೂ ಕೊಡ ಇಳಿಬಿಡು, ಅದು ನಮ್ಮೋರ ಬೆವರಿಗೇ ತಾಗಬೇಕು. ಅದರಲ್ಲಿ ಅರ್ಧ ನಂದು. ಆದ್ರೆ ನಮ್ಮ ಕೇರೀಲಿ ಮಾತ್ರ ಒಂದು ತೊಟ್ಟು ನೀರಿರಲಿಲ್ಲ. ಕೇರಿ ಕುಂತಿರೋದೇ ಹಾಸುಬಂಡೆ ಮ್ಯಾಲೆ. ಯಾರಿಗೂ ಬ್ಯಾಡಾದ ಜಾಗ ಅಂತ ನಮ್ಮ ತಾತನ ಕಾಲದಲ್ಲಿ ನಮಗೆ ಕೊಟ್ಟಿದ್ದು. ನಮ್ಮ ಹೆಂಗಸ್ರು ಇಟ್ಟಿಗೆ ಗೂಡಿನ ತೊಟ್ಟಿಗಂಟ ಮೈಲಿ ದೂರ ಹೋಗಿ, ಅಲ್ಲಿ ಕಾವಲುಗಾರನ ಕೈಲಿ ಬೈಸ್ಕೊಂಡು, ನೀರು ಹೊತ್ಕೊಂಡು ಬರೋರು.

ಒಂದಿನ ಗಣತಿ ಬರೆಯೋಕೆ ಒಬ್ಬ ಟೀಚರಮ್ಮ ಬಂದ್ಲು. ಮೊದಲನೇ ಮನೆ ಯಾರ್ದು? ಮೇಸ್ತ್ರಿದೇ, ಅಂದ್ರೆ ನಂದೇ. ಕೇರೀಲಿ ತಾರಸಿ ಮನೆ ಅಂದ್ರೆ ನಂದೊಂದೇ. ನಡುಮನೆಗೆ ಕೆಂಪು ನೆಲ ಹಾಕ್ಸಿದ್ದೆ, ಮುಖ ನೋಡ್ಕಂಡು ಮೀಸೆ ತಿರುವ್ಕೋಬೋದು, ಅಂಗಿತ್ತು. ಅವತ್ತು ಜಗಲಿ ಮ್ಯಾಲೆ ಒಬ್ಬ ರೈತ ಕುಂತಿದ್ದ. ಭಾರೀ ಬಾವಿ ಕೆಲಸ, ಆಗತಾನೇ ಮಾತು ಮುಗಿದು ಮುಂಗಡ ನನ್ನ ಕೈಗೆ ಬಂದಿತ್ತು.

ಟೀಚರಮ್ಮ ಒಂದೊಂದೇ ಕೇಳಿದ್ಲು. ಕೋಣೆ ಎಷ್ಟು, ಜನ ಎಷ್ಟು, ದೀಪ ಯಾವ್ದು, ಸೈಕಲ್ ಐತಾ. ಎಲ್ಲಾ ಇದ್ದಂಗೇ ಹೇಳ್ದೆ. ಆಮ್ಯಾಕೆ, "ಕುಡಿಯೋ ನೀರು ಮನೆ ಒಳಗಾ, ಹತ್ರದಲ್ಲಾ, ದೂರನಾ?" ಅಂದ್ಲು.

ರೈತನ ಕಿವಿ ನೆಟ್ಟಗಾಯ್ತು.

ನೀನೇ ಹೇಳ್ಲಾ, ತಲೇಲಿ ಕೂದ್ಲಿಲ್ಲದೋನ ಹತ್ರ ಕೂದ್ಲು ಬೆಳೆಯೋ ಎಣ್ಣೆ ಯಾವನು ಕೊಳ್ತಾನೆ? "ಮನೆ ಒಳಗೇ ಐತೆ. ಬರ್ಕೋ ತಾಯಿ" ಅಂದೆ.

ಟೀಚರಮ್ಮ ಬಾಗಿಲ ಪಕ್ಕ ಬೋರಲಾಗಿದ್ದ ಕೊಡಗಳನ್ನ ನೋಡಿದ್ಲು, ನನ್ನ ನೋಡಿದ್ಲು. "ಮೇಸ್ತ್ರಿ, ನೀವು ಹೇಳಿದ್ದನ್ನೇ ನಾನು ಬರೀಬೇಕು. ಯೋಚ್ನೆ ಮಾಡಿ ಹೇಳಿ."

"ನಾನು ಹೇಳಿದ್ಮೇಲೆ ಮುಗೀತು."

ಬರ್ಕಂಡ್ಲು. ಪಕ್ಕದ ಮನೆಯೋನು ಕಿಟಕೀಲಿ ಕೇಳಿಸ್ಕಂಡಿದ್ದ. ಮೇಸ್ತ್ರಿ ಮನೇಲಿರೋದು ತನ್ನ ಮನೇಲಿಲ್ಲ ಅಂದ್ರೆ ಅವನ ಮಾನ ಏನಾಗಬೇಕು? ಅವನೂ ಮನೆ ಒಳಗೇ ಅಂದ. ಅವನ ಪಕ್ಕದೋನೂ ಅಂಗೇ ಅಂದ. ಗುಡಿಸಲಲ್ಲಿ ಕಾಲು ಚಾಚೋಕೆ ಜಾಗ ಇಲ್ದೋನೂ ನೀರು ಮಾತ್ರ ಮನೆ ಒಳಗೇ ಅಂದ. ಬಾವಿಯೋರು ಅಂದ್ರೆ ಹಂಗೇ ಕಣ್ಲಾ. ಹೊಟ್ಟೆ ಖಾಲಿ ಅಂತ ಬೇಕಾದ್ರೂ ಹೇಳ್ತೀವಿ, ನೀರಿಲ್ಲ ಅನ್ನಲ್ಲ.

ಹೆಂಗಸ್ರು ಆಗ ಇಟ್ಟಿಗೆ ಗೂಡಲ್ಲಿದ್ರು. ಬಂದ ಮೇಲೆ ಗೊತ್ತಾಯ್ತು. ನನ್ನ ಹೆಂಡ್ತಿ ಚೌಡಕ್ಕ ತಲೆ ಮೇಲಿನ ಕೊಡ ಇಳಿಸಿ, "ಬಾಯಲ್ಲಿ ತೋಡಿದ ಬಾವೀಲಿ ನೀರು ಬರಲ್ಲ ಕಣಯ್ಯಾ" ಅಂದ್ಲು. ಅಷ್ಟೇ ಅಂದಿದ್ದು. ಅವಳು ಜಾಸ್ತಿ ಮಾತಾಡಿದ್ರೆ ನಂಗೆ ಭಯ ಇಲ್ಲ, ಕಮ್ಮಿ ಮಾತಾಡಿದ್ರೆ ಭಯ.

ವರ್ಷ ಒಪ್ಪತ್ತಲ್ಲಿ ನಲ್ಲಿ ಪೈಪು ಬಂತು. ಪಕ್ಕದ ಕೇರಿಗೆ ಬಂತು. ಅವರು ನೀರಿಲ್ಲ ಅಂತ ಇದ್ದಂಗೇ ಬರೆಸಿದ್ರು. ಪೈಪು ನಮ್ಮ ಕೇರಿ ಮೂಲೇಗಂಟ ಬಂದು, ಅಲ್ಲಿಂದ ತಿರುಗಿ, ಅತ್ಲಾಗೆ ಹೋಯ್ತು. ಹಾವು ಮನೆ ಬಾಗಿಲಿಗೆ ಬಂದು ಹೋದಂಗೆ.

ಗಂಡಸ್ರೆಲ್ಲ ಕಚೇರಿಗೆ ಹೋದ್ವಿ. ಅಲ್ಲಿನ ಸಾಹೇಬ ನಮ್ಮ ಕೇರಿ ಲೆಕ್ಕ ತೆಗೆದು ಜೋರಾಗಿ ಓದಿದ. ಒಂದೇ ಕೋಣೆ ಮನೆಗಳೇ ಜಾಸ್ತಿ. ಕರೆಂಟು ನಾಲ್ಕೇ ಮನೇಲಿ. ಓದು ಬಂದ ಹೆಂಗಸ್ರು ಇಬ್ರು. ಕಕ್ಕಸು ಒಂದೂ ಇಲ್ಲ. ನಂಗೆ ಮೈಯೆಲ್ಲ ಉರೀತು. ಅಲ್ಲಿಗಂಟ ನಮ್ಮ ಕೇರಿ ಅಂದ್ರೆ ನಂಗೆ ಮೂರು ತಾಲೂಕಿನ ಬಾವಿ. ಆ ಹಾಳೇಲಿ ಬಾವಿಗಳ ಸುದ್ದೀನೇ ಇಲ್ಲ. ಬರೀ ನಾವಿದೀವಿ.

"ಆದ್ರೆ ಕುಡಿಯೋ ನೀರು ನೂರಕ್ಕೆ ನೂರು ಮನೆ ಒಳಗೆ! ಇಡೀ ತಾಲೂಕಿಗೆ ನೀವೇ ಮೊದಲು. ನಮ್ಮ ದೊಡ್ಡ ಸಾಹೇಬ್ರ ಬಂಗ್ಲೇಲೂ ಇಷ್ಟು ಸುಖ ಇಲ್ಲವಲ್ರೀ" ಅಂತ ಅವನು ನಕ್ಕ.

ಮೊದಲು ಅಂತ ಕೇಳಿ ಒಂದು ಗಳಿಗೆ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳ್ಲಿ.

ಆಮೇಲೆ ಅವನೇ ದಾರಿ ತೋರಿಸ್ದ. "ನಿಮ್ಮ ಮನೇಲಿ ನೀರಿಲ್ಲ ಅಂದ್ರೆ, ಟೀಚರು ಕೇರಿಗೆ ಬರದೇನೇ ತನ್ನ ಮನೇಲಿ ಕೂತು ಬರೆದಿದಾಳೆ ಅಂತ ಎಲ್ಲಾ ಸೇರಿ ಅರ್ಜಿ ಕೊಡಿ. ಅವಳಿಗೆ ನೋಟೀಸು ಹೋಗುತ್ತೆ. ನಿಮಗೆ ನಲ್ಲಿ ಬರುತ್ತೆ."

ನಮ್ಮೋರು ಮುಖ ಮುಖ ನೋಡ್ಕಂಡ್ರು. ಒಬ್ಬ ಆಗ್ಲೇ ಹೆಬ್ಬೆಟ್ಟು ಮುಂದಕ್ಕೆ ಚಾಚಿದ್ದ. "ಬುಡು ಮೇಸ್ತ್ರಿ, ಆಯಮ್ಮ ಏನು ನಮ್ಮ ನೆಂಟಳಾ?" ಅಂದ.

ಅವನ ಹೆಬ್ಬೆಟ್ಟು ಹಿಡ್ಕಂಡು ಹಿಂದಕ್ಕೆಳೆದೆ. "ಸ್ವಾಮಿ, ಆಯಮ್ಮ ಬಂದಿದ್ಲು. ಬಿಸಿಲಲ್ಲಿ ಮನೆ ಮನೆ ತಿರುಗಿದ್ಲು. ಬರೆದಿರೋದು ಸರಿಯಾಗೇ ಐತೆ" ಅಂದೆ. ನಾನು ಬಾವೀಲಿ ಕಲ್ಲು ಜಾರಿಸ್ಕಂಡು ಇನ್ನೊಬ್ರ ತಲೆ ಮೇಲೆ ಬೀಳಿಸಿದೋನಲ್ಲ. ನನ್ನ ಕೈ ಜಾರಿದ ಕಲ್ಲು ನನ್ನ ಕಾಲ ಮೇಲೇ ಬೀಳಬೇಕು.

"ಸರಿಯಾಗಿದ್ರೆ ನಲ್ಲಿ ಇಲ್ಲ. ನಾನೇ ಒಂದಿನ ಬಂದು ನೋಡ್ತೀನಿ. ನೀರು ಕಾಣದಿದ್ರೆ, ಅರ್ಜಿ ಇರಲಿ ಬಿಡಲಿ, ಟೀಚರಿಗೆ ನೋಟೀಸೇ" ಅಂದ ಸಾಹೇಬ.

ಮನೆಗೆ ಬಂದೆ. ಚೌಡಕ್ಕ ಬಾಗಿಲಲ್ಲೇ ಕುಂತಿದ್ಲು. ಹಿಂದೆ ಕೇರಿ ಹೆಂಗಸ್ರೆಲ್ಲ ಖಾಲಿ ಕೊಡ ಇಟ್ಕಂಡು ಕುಂತಿದ್ರು. ಇನ್ನು ಇಟ್ಟಿಗೆ ಗೂಡಿಗೆ ಹೋಗಲ್ಲ, ಗಂಡಸ್ರೇ ಹೋಗ್ಲಿ ಅಂತ ಮಾತಾಡ್ಕಂಡವ್ರೆ.

"ಸಾಹೇಬ ಬರೋದ್ರೊಳಗೆ ನೀರು ತೋರಿಸಬೇಕು. ಬಂಡೆ ಮೇಲೆ ಬಾವಿ ಎಲ್ಲಿ ತೋಡ್ಲೇ?" ಅಂದೆ.

"ಬಂಡೇಲಿ ನೀರು ಹರಿಯೋ ಬಿರುಕು ಎಲ್ಲೈತೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಕೇರಿಗೆಲ್ಲ ಗೊತ್ತು. ಮೇಸ್ತ್ರಿ ಮನೆ ಅಂತ ಯಾರೂ ಬಾಯಿ ಬಿಡಲ್ಲ" ಅಂದು ಎದ್ದು, ಒಳಕ್ಕೆ ಹೋಗಿ, ಕೆಂಪು ನೆಲದ ನಟ್ಟ ನಡುವೆ ಕಾಲಿಟ್ಟು ನಿಂತ್ಕಂಡ್ಲು.

ಬಿರುಕು ಹೋಗಿದ್ದು ಅಲ್ಲೇ. ನನ್ನ ನಡುಮನೆ ಕೆಳಗೆ.

ನಾನು ಒಂದು ಬೀಡಿ ಪೂರ್ತಿ ಸೇದಿದೆ. ಆಮೇಲೆ ಹಾರೆ ತಗಂಡು, ಆ ನೆಲಕ್ಕೆ ಮೊದಲನೇ ಏಟು ನಾನೇ ಹೊಡೆದೆ. ಬೇರೆಯೋರ ಕೈಲಿ ಹೊಡೆಸಿಲ್ಲ.

ಬಂಡೆಗೆ ಸಿಡಿಮದ್ದು ಇಡಂಗಿರಲಿಲ್ಲ, ಅಕ್ಕಪಕ್ಕದ ಗೋಡೆ ಬೀಳ್ತಿದ್ವು. ಉಳಿ ಸುತ್ತಿಗೇಲೇ ಇಳಿದ್ವಿ. ಹೊರಗಿನ ಕೆಲಸ ಎಲ್ಲಾ ಬಿಟ್ಟು ಇಡೀ ಕೇರಿ ಇಳೀತು. ಹೆಂಗಸ್ರು ಮಂಕರೀಲಿ ಕಲ್ಲು ಹೊತ್ರು. ಅವತ್ತು ಮುಂಗಡ ಕೊಟ್ಟು, ಮುಂದಿನ ಬ್ಯಾಸಗೇಲಿ ತೋಡು ಅಂದಿದ್ದ ರೈತ ಕೆಲಸ ಯಾಕೆ ಶುರುವಾಗಿಲ್ಲ ಅಂತ ಕೇಳೋಕೆ ಬಂದ. ನಡುಮನೇಲಿ ಗುಂಡಿ, ಗುಂಡೀಲಿ ನಾನು. ಮೇಲಿಂದ ಬಗ್ಗಿ ನೋಡ್ದ.

"ಏನ್ ಮೇಸ್ತ್ರಿ, ನೀರು ಮನೆ ಒಳಗೇ ಐತೆ ಅಂದಿದ್ದೆ?"

"ಐತೆ ಕಣಯ್ಯಾ. ಇನ್ನಷ್ಟು ಕೆಳಗೈತೆ" ಅಂದೆ.

ಅವನು ನಗಲಿಲ್ಲ. ಮುಂಗಡ ಬಡ್ಡಿ ಸಮೇತ ವಾಪಸ್ ಈಸ್ಕಂಡು, ಕೆಲಸ ಬೇರೆಯೋರಿಗೆ ಕೊಟ್ಟ. ಕೊಡ್ಲಿ. ಆ ಬಾವಿ ಇವತ್ತಿಗೂ ಬ್ಯಾಸಗೇಲಿ ತಳ ಕಾಣ್ತದೆ.

ಇಲ್ಲಿಗಂಟ ಕೇಳ್ತಾ ಕುಂತಿದ್ದ ಕದರಪ್ಪ ತಡೀಲಾರದೆ, "ನೀರು ಬಂತಾ ಗುರುವೇ?" ಅಂದ.

"ಯಾರನ್ನ ಕೇಳ್ತಿದ್ದೀಯ ಅಂತ ಗೊತ್ತೈತೇನ್ಲಾ? ಬಂತು. ಬಿರುಕಿನಿಂದ ಮೊದಲು ಬೆವರಿದಂಗೆ ಬಂತು, ಆಮೇಲೆ ಹಸು ಹಾಲು ತೊರೆಬಿಟ್ಟಂಗೆ ಬಂತು. ಚೌಡಕ್ಕ ಮೊದಲ ಕೊಡ ಎಳೆದು ಗಂಗಮ್ಮನ ಹೆಸರಲ್ಲಿ ಕೈಮುಗಿದ್ಲು. ಎರಡನೇ ಕೊಡ ನನ್ನ ತಲೆ ಮೇಲೇ ಸುರಿದ್ಲು."

ಆದ್ರೆ ನೀರು ಬಂದ್ರೆ ಆಯ್ತಾ? ಬರೆಸಿರೋದು ಕೇರೀಲಿ ಪ್ರತಿ ಮನೆ ಒಳಗೂ ಅಂತ. ಬಾವಿ ಇರೋದು ನನ್ನ ಮನೆ ಒಳಗೆ. ಬೆಳಗ್ಗೆ ನಾನು ಬಾಗಿಲು ತೆಗೆದ್ರೆ ಕೇರಿಗೆ ನೀರು, ಮಲಗಿದ್ರೆ ಇಲ್ಲ. ಹೆಂಗಸ್ರು ಜಗಲಿ ಮುಂದೆ ಬಂದು "ಮೇಸ್ತ್ರಣ್ಣ, ಒಳಕ್ಕೆ ಬರ್ಲಾ" ಅಂತ ಕೇಳ್ಕಂಡು ನಿಲ್ಲೋರು. ಇಟ್ಟಿಗೆ ಗೂಡಿನ ಕಾವಲುಗಾರನ ಮುಂದೆ ನಿಲ್ತಿದ್ದಂಗೇ. ನಂಗೆ ಅದು ಸರಿ ಬರಲಿಲ್ಲ. ಮುಂದಿನ ಗೋಡೆ ಕೆಡವ್ದೆ. ಬಾಗಿಲು, ಚೌಕಟ್ಟು, ಜಗಲಿ ಎಲ್ಲಾ ಕಿತ್ತೆ. ನಾವಿಬ್ರೂ ಹಿಂದಿನ ಅಡುಗೆಮನೆಗೆ ಸೇರ್ಕಂಡ್ವಿ. ನಡುಮನೆ ಬೀದಿಗೆ ಸೇರ್ತು.

ಸಾಹೇಬ ಬಂದ, ಹೇಳಿದಂಗೇ. ತಾರಸಿ ಕೆಳಗೆ ಬಾವಿ, ಬಾವಿ ಸುತ್ತ ಕೇರಿ ಹೆಂಗಸ್ರು, ರಾಟೆ ಕಿರ್ರ್ ಅಂತೈತೆ. ನಾನು ಒಂದು ಮೂಲೇಲಿ ಹಾರೆ ಊರ್ಕಂಡು ನಿಂತಿದ್ದೆ.

"ಇದು ಯಾರ ಮನೆ?" ಅಂದ.

ಹಗ್ಗ ಹಿಡಿದಿದ್ದೋಳು ತಿರುಗಿ, "ನಮ್ಮನೆ ಸ್ವಾಮಿ" ಅಂದ್ಲು.

ಕೊಡ ತೊಳೀತಿದ್ದ ಮುದುಕಿ ತಲೆ ಎತ್ತಿ, "ಅವಳ್ದು ಹೆಂಗಾಯ್ತದೆ, ನಮ್ಮನೆ" ಅಂದ್ಲು. ಅದರಾಚೆಯೋಳು, "ಇಬ್ರದ್ದೂ ಅಲ್ಲ, ನಮ್ದು" ಅಂದ್ಲು. ಎಲ್ಲಾ ನಕ್ರು. ಸಾಹೇಬನಿಗೂ ತುಟಿ ಸಡಿಲಾಯ್ತು. ಪೆನ್ನು ಜೇಬಿಗೆ ಇಟ್ಕಂಡು, ಬೊಗಸೆ ಒಡ್ಡಿ ನೀರು ಕುಡಿದು ಹೋದ. ಟೀಚರಮ್ಮನಿಗೆ ನೋಟೀಸು ಬರಲಿಲ್ಲ. ನಲ್ಲಿಯೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ನಲ್ಲಿ ಇರೋ ಪಕ್ಕದ ಕೇರಿಯೋರು ಬ್ಯಾಸಗೇಲಿ ಕೊಡ ಹಿಡ್ಕಂಡು ನಮ್ಮನೆಗೇ ಬತ್ತಾರೆ.

ಅಲ್ಲಿಗೆ ನಿಲ್ಲಿಸ್ದೆ. ಕದರಪ್ಪ ಎದ್ದು ನಿಂತ. ಆಮೇಲೆ, "ಕತೆ ಚೆನ್ನಾಗೈತೆ ಗುರುವೇ. ಆದ್ರೆ ನಾಳೆ ಮೇಷ್ಟ್ರು ಬಂದಾಗ ನಾನು ಯಾವ್ದು ಹೇಳ್ಲಿ?" ಅಂದ.

"ಇರೋದ್ನ ಹೇಳೋಕೆ ಖರ್ಚಿಲ್ಲ ಕಣ್ಲಾ, ಇರಬೇಕಾದ್ದು ಹೇಳಿ ಅದನ್ನ ನಿಜ ಮಾಡೋಕೆ ನನ್ನ ಕೈಯಿಂದ ಹೋಗಿದ್ದು ಮೂವತ್ತೊಂದು ಸಾವಿರದ ಆರುನೂರಾ ನಲವತ್ತು ರೂಪಾಯಿ."