ಓಗೊಡದ ಗುಂಡು

ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಡಬಾರದು. ಬೆಣಚಿನಾಳದ ಹಳೆಯ ಶಾಲೆಯ ಕಟ್ಟಳೆ ಇದು. ಊರಿನಲ್ಲಿ ಅದನ್ನು ಮುರಿಯದ ಮನೆಯೇ ಇರಲಿಲ್ಲ ಎನ್ನುತ್ತಾರೆ. ಊರ ಮೂಡಣಕ್ಕೆ, ಎರೆಹೊಲಗಳ ನಡುವೆ, ಆ ಶಾಲೆಯ ಒಂದೇ ಒಂದು ಕೋಣೆ ಮಾಳಿಗೆ ಕುಸಿದು ಇಂದಿಗೂ ನಿಂತಿದೆ. ಬಾಗಿಲಿನೆದುರು ಮಲಗಿದ ಎತ್ತಿನಷ್ಟು ಎತ್ತರದ ಕರಿಯ ಬಂಡೆಯೊಂದಿದೆ. ಅದಕ್ಕೆ ಓಗೊಡದ ಗುಂಡು ಎಂದು ಹೆಸರು. ಅದರ ಬಳಿ ಯಾರಾದರೂ ಹೆಸರು ಹಿಡಿದು ಕರೆದರೆ ಈ ಊರವರು 'ಓ' ಎನ್ನುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು, ಕರೆದವರ ಎದುರಿಗೇ ಹೋಗಿ ನಿಲ್ಲುತ್ತಾರೆ. ಪರವೂರವರು ಇದನ್ನು ಸೊಕ್ಕು ಎಂದು ತಿಳಿಯುವುದುಂಟು.

ಹಿಂದೆ ಒಮ್ಮೆ, ಮುಂಬಯಿ ಸರಕಾರದ ಕಾಲದಲ್ಲಿ, ಗುರುಪಾದಪ್ಪನೆಂಬ ಮಾಸ್ತರರು ಅಧಿಕಾರಿಗಳ ಬಾಗಿಲು ಕಾದು ಕಾದು ಆ ಶಾಲೆಯನ್ನು ಊರಿಗೆ ತಂದರು. ಕಟ್ಟಳೆ ಮಾಡಿದವರೂ ಅವರೇ. ಆದರೆ ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಸಾಹೇಬರು ಹಾಜರಿ ಪುಸ್ತಕ ತೆರೆಸಿ ಹೆಸರು ಕೂಗಿಸುತ್ತಿದ್ದರು. ಮಕ್ಕಳು ಕಡಿಮೆಯಾದರೆ ಶಾಲೆ ಹಳ್ಳದಾಚೆಯ ದೊಡ್ಡ ಊರಿನ ಪಾಲು. ಹಳ್ಳ ದಾಟಿ ಓದಲು ಹೋಗುವ ಮಗು ಇಲ್ಲಿ ಒಂದೂ ಇರಲಿಲ್ಲ. ಆದ್ದರಿಂದ ಆ ದಿನ ಕುರಿಯ ಹಿಂದೆ ಹೋದವರ, ಕಳೆ ತೆಗೆಯಲು ಹೋದವರ ಹೆಸರುಗಳಿಗೆ ಊರೊಳಗಿನ, ನೆರೆಯೂರಿನ ಎರವಲು ಮಕ್ಕಳು 'ಹಾಜರ' ಎನ್ನುತ್ತಿದ್ದರು. ಗೌಡರು ಅಂಗಿ ಒದಗಿಸುತ್ತಿದ್ದರು, ತಾಯಂದಿರು ಹೆಸರು ಬಾಯಿಪಾಠ ಮಾಡಿಸುತ್ತಿದ್ದರು, ಮಾಸ್ತರರು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಒಂದು ದಿನದ ಸುಳ್ಳಿನಿಂದ ವರ್ಷದ ವಿದ್ಯೆ ಉಳಿಯಿತಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಸುಳ್ಳು ಹಾಗೆ ಒಂದು ದಿನಕ್ಕೆ ಬಂದು ಹೋಗುವ ನೆಂಟನಲ್ಲ ಎಂಬುದು ಅವರಿಗೆ ತಿಳಿಯದ್ದೇನಲ್ಲ.

ಒಂದು ಬೇಸಿಗೆ ವಾಂತಿಭೇದಿಯ ಬೇನೆ ಬಂತು. ಬಡಿಗೇರ ಮನೆಯ ಮೋನಪ್ಪ ತೀರಿಕೊಂಡ. ಆ ಶಾಲೆಯಲ್ಲಿ ತಡವರಿಸದೆ ಓದಲು ಮೊದಲು ಕಲಿತ ಹುಡುಗ ಅವನೇ. ಅವನ ಹೆಸರು ಹೊಡೆದುಹಾಕಲು ಮಾಸ್ತರರು ಲೇಖನಿ ಎತ್ತಿದರು, ಮತ್ತೆ ಕೆಳಗಿಟ್ಟರು. ತಪಾಸಣೆ ಹತ್ತಿರ ಬಂದಿತ್ತು. ಬೇನೆಗೆ ಅಂಜಿ ನೆರೆಯೂರಿನ ಎರವಲು ಮಕ್ಕಳು ಬರಲೊಲ್ಲರು. ಊರೊಳಗಿನ ಗಂಡು ಹುಡುಗರೆಲ್ಲ ಆಗಲೇ ಒಂದೊಂದು ಹೆಸರಿಗೆ ನಿಂತಾಗಿತ್ತು. ಉಳಿದವಳು ಸತ್ತವನ ತಂಗಿ ಕಾಳವ್ವ. ಹೆಣ್ಣುಮಕ್ಕಳ ಹೆಸರು ಪುಸ್ತಕಕ್ಕೆ ಏರುತ್ತಿರಲಿಲ್ಲ. ಅಣ್ಣನ ಅಂಗಿ ತೊಡಿಸಿ, ಅಣ್ಣನ ರುಮಾಲು ಸುತ್ತಿ, ಅಣ್ಣನ ಹೆಸರಿಗೇ ಅವಳನ್ನು ಕೂಡಿಸುವುದೆಂದು ಚಾವಡಿಯಲ್ಲಿ ತೀರ್ಮಾನವಾಯಿತು.

ಬೇಡವೆಂದು ಮಾಸ್ತರರು ಮೆಲ್ಲಗೆ ಹೇಳಿದಾಗ ಗೌಡರು ನಕ್ಕರು. "ಹೋದ ವರ್ಷ ಕುರಿ ಕಾಯಾಂವನ ಹೆಸರಿಗೆ ನನ್ನ ಮೊಮ್ಮಗನ್ನ ಕುಂದರಿಸಿದ್ರಿ, ಮಾಸ್ತರ. ಆವಾಗ ಬರಲಾರದ ಧರ್ಮ ಈಗ್ಯಾಕ ಬಂತ್ರಿ?" ಮಾಸ್ತರರು ಚಾವಡಿಯಿಂದ ಎದ್ದರು. ತಾಯಿ ದೇವಮ್ಮನಾದರೂ ಒಲ್ಲೆನೆಂದಾಳು ಎಂಬ ಆಸೆಯಿಂದ ಬಡಿಗೇರ ಮನೆಗೆ ಹೋದರು. ಅವಳು ಮಗನ ರುಮಾಲನ್ನು ಒಗೆದು ಮಡಚಿಟ್ಟಿದ್ದಳು. "ಕರೀರಿ, ಮಾಸ್ತರ. ಅವನ ಹೆಸರಿಗೆ ಓ ಅನ್ನೂದು ಒಮ್ಮೆ ಕೇಳ್ತೀನಿ," ಎಂದಳು.

ತಪಾಸಣೆಯ ಮುಂಜಾನೆ ಶಾಲೆಯ ಬಾಗಿಲಲ್ಲಿ ಕಾಳವ್ವ ಮಾಸ್ತರರನ್ನು ತಡೆದು ಕೇಳಿದಳು: "ನಾ ಹಾಜರ ಅಂದ್ರ, ಅಣ್ಣ ಬಂದಾನಂತ ನಮ್ಮವ್ವ ನಂಬ್ತಾಳೇನ್ರಿ?"

"ಸಾಹೇಬರು ನಂಬಿದರ ಸಾಕವ್ವಾ," ಎಂದರು ಮಾಸ್ತರರು. ಅಷ್ಟು ಹೇಳಿ ಅವಳ ಮುಖ ನೋಡದೆ ಒಳಗೆ ನಡೆದರು.

ಹಳೆಯ ತಪಾಸಣೆ ಪುಸ್ತಕದಲ್ಲಿ ಆ ದಿನದ ಷರಾ ಇಷ್ಟೇ ಇತ್ತಂತೆ: ಮಕ್ಕಳ ಸಂಖ್ಯೆ ಸಾಲದು. ಮಳೆಗಾಲಕ್ಕೆ ಮುನ್ನ ಶಾಲೆ ಹಳ್ಳದಾಚೆಗೆ ಹೋಯಿತು. ಇಂದು ಆ ಕೋಣೆಯ ಒಳಗೆ ನಿಂತು ನೋಡಿದರೆ ಬಾಗಿಲ ಚೌಕಟ್ಟಿನಲ್ಲಿ ಗುಂಡು ನೇರವಾಗಿ ಕಾಣುತ್ತದೆ. ಮಾಸ್ತರರು ಕುಳಿತಲ್ಲಿಂದಲೂ ಹಾಗೆಯೇ ಕಾಣುತ್ತಿತ್ತು. ಆ ತಪಾಸಣೆಯ ದಿನ ಸಾಹೇಬರು ನೋಡುತ್ತಿದ್ದರು, ಪುಸ್ತಕ ಮುಚ್ಚುವ ಧೈರ್ಯ ಮಾಸ್ತರರಿಗಿರಲಿಲ್ಲ, ನಿಜ ಹೇಳುವ ನಾಲಿಗೆಯೂ ಇರಲಿಲ್ಲ. ಮೋನಪ್ಪನ ಹೆಸರನ್ನು ಒಮ್ಮೆ ಕೂಗಿದರು, ಇನ್ನೊಮ್ಮೆ ಕೂಗಿದರು. ಕಾಳವ್ವ ಎದ್ದಳು. ರುಮಾಲು ಬಿಚ್ಚಿ ಅಣ್ಣ ಕೂಡುತ್ತಿದ್ದ ಜಾಗದಲ್ಲಿಟ್ಟಳು. ಹೊಸ್ತಿಲಾಚೆ ಸೆರಗು ಕಚ್ಚಿ ಕಾದಿದ್ದ ತಾಯಿಯನ್ನು ದಾಟಿ ಹೋಗಿ, ಎಲ್ಲರಿಗೂ ಕಾಣುವಂತೆ ಆ ಗುಂಡಿನ ಮೇಲೆ ಕುಳಿತಳು. ಮಾಸ್ತರರು ಬೇಡುವ ದನಿಯಲ್ಲಿ ಮೂರನೆಯ ಸಲ ಕೂಗಿದಾಗ ಅವಳು ತುಟಿ ಬಿಚ್ಚಲಿಲ್ಲ.