ಲ್ಯಾಪ್‌ಟಾಪಿನ ವಿಸರ್ಜನೆ

ಇದನ್ನು ನಾನು ಕಣ್ಣಾರೆ ಕಂಡೆ. ಆ ದಿನ ರಜೆಯಲ್ಲಿದ್ದೆ, ಅದು ಬೇರೆ ಮಾತು.

ಆಯುಧಪೂಜೆಯ ದಿನ ಮ್ಯಾನೇಜರ್ ಅಡಿವೆಪ್ಪನವರು ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೆ ಗಂಧ ಬಳಿದು ಕುಂಕುಮ ಇಟ್ಟರು. ಹಬ್ಬದ ರಜೆ ಮುಗಿಸಿ ಬಂದಾಗ ಪರದೆಯ ಮೇಲಿನ ಬಾಣ ಕದಲಲಿಲ್ಲ.

"ಮಧ್ಯಾಹ್ನದೊಳಗೆ ಸರಿಮಾಡು, ಇಲ್ಲದಿದ್ರೆ ನಿನಗೆ ವರ್ಗ!" ಎಂದು ಗುಮಾಸ್ತನ ಮೇಲೆ ಹಾರಾಡಿದರು.

ಗುಮಾಸ್ತ ಒದ್ದೆ ಬಟ್ಟೆ ತಂದ.

"ಏಯ್, ಪೂಜೆ ಮಾಡಿದ ಕುಂಕುಮ ಒರೆಸ್ತೀಯಾ? ಕೈ ತೆಗಿ!"

ಗುಮಾಸ್ತ ಕೈಮುಗಿದ. "ತಪ್ಪಾಯ್ತು ಸಾರ್. ಆದ್ರೆ ಪೂಜೆ ಆಯ್ತು, ವಿಸರ್ಜನೆ ಆಗಿಲ್ಲ. ದೇವರು ಇನ್ನೂ ಅಲ್ಲೇ ಕೂತಿದ್ದಾರೆ. ಮೈಮೇಲೆ ಬೆರಳಾಡಿಸಿದ್ರೆ ಸುಮ್ನಿರ್ತಾರಾ?"

ಅಡಿವೆಪ್ಪನವರು ಬೆವೆತರು. ಚಪ್ಪಲಿ ಬಿಟ್ಟು, ವಿಸರ್ಜನೆಗೆಂದು ಲ್ಯಾಪ್‌ಟಾಪನ್ನು ಉತ್ತರಕ್ಕೆ ಸರಿಸಿ, ಒದ್ದೆ ಬಟ್ಟೆಯಿಂದ ತಾವೇ ಭಕ್ತಿಯಿಂದ ಒರೆಸಿದರು. ಬಾಣ ಓಡಿತು.

ವರ್ಗದ ಮಾತು ಅಲ್ಲಿಗೇ ನಿಂತಿತು. ಈಗ ಪ್ರಿಂಟರ್ ಕೆಟ್ಟರೂ ಸಾಹೇಬರು ಗುಮಾಸ್ತನ ಮೇಜಿಗೇ ಬರುತ್ತಾರೆ: "ಸ್ವಾಮೀ, ಇದಕ್ಕೆ ಯಾವ ಪೂಜೆ ಬಾಕಿ?"